ಕರುಳಿನ ತಟ್ಟೆ

ಪ್ರಭಾಕರ ಕುಂದಗೋಳ ತಪ್ಪಿತಸ್ಥನಲ್ಲ ಎಂದು ಹೇಳಲು ಯಂತ್ರಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. ವಕೀಲರು ಮಾತು ಮುಗಿಸಿ ಕುರ್ಚಿಗೆ ಒರಗುವ ಮೊದಲೇ ತೀರ್ಪು ತೆರೆಯ ಮೇಲೆ ಮೂಡಿತ್ತು. ಗದಗಿನ ನ್ಯಾಯಾಲಯದ ಸಭಾಂಗಣದಲ್ಲಿ ಶಿರಸ್ತೇದಾರ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಅದೇ ಕಟ್ಟಡದ ನೆಲಮಾಳಿಗೆಯ ನಿಯಂತ್ರಣ ಕೊಠಡಿಯಲ್ಲಿ ನೀಲಾಂಬಿಕಾ ಅಂಗಡಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಸತ್ತವನು ಅವಳ ತಮ್ಮ. ತೀರ್ಪು ಕೊಟ್ಟ ಯಂತ್ರವನ್ನು ಕಟ್ಟಿದವರಲ್ಲಿ ಅವಳೂ ಒಬ್ಬಳು.

ಯಂತ್ರಕ್ಕೆ ಸರಕಾರ ಇಟ್ಟ ಹೆಸರು ಉದ್ದವಾಗಿತ್ತು. ಜನ ಅದನ್ನು ತಕ್ಕಡಿ ಎಂದೇ ಕರೆದರು. ನ್ಯಾಯಾಧೀಶರ ಕುರ್ಚಿ ಖಾಲಿಯಾಗಿ ವರ್ಷಗಳೇ ಕಳೆದಿದ್ದವು. ಈಗ ಅಲ್ಲಿ ಹೂವಿನ ಕುಂಡ ಇಟ್ಟಿದ್ದರು. ತಕ್ಕಡಿಗೆ ಎರಡು ತಟ್ಟೆ. ಒಂದು ಬರಹದ ತಟ್ಟೆ. ಶಾಸನಸಭೆ ಬರೆದು ಒಪ್ಪಿದ ಪ್ರತಿಯೊಂದು ಕಾಯಿದೆ, ನಿಯಮ, ತಿದ್ದುಪಡಿ ಅದರ ಹೊಟ್ಟೆಯಲ್ಲಿತ್ತು. ನಡೆದದ್ದನ್ನು ಕೊಟ್ಟರೆ ಬರೆದದ್ದರ ಜೊತೆ ಹೋಲಿಸಿ, ಹೊಂದುತ್ತದೋ ಇಲ್ಲವೋ ಎಂದು ಹೇಳುತ್ತಿತ್ತು. ಒಳ್ಳೆಯದು ಕೆಟ್ಟದ್ದು ಅದಕ್ಕೆ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ಬಯಸಿಯೂ ಇರಲಿಲ್ಲ.

ಇನ್ನೊಂದು ಕರುಳಿನ ತಟ್ಟೆ. ಅದು ನೀಲಾಳ ಇಡೀ ಪ್ರಾಯದ ಕೆಲಸ. ನಮ್ಮ ಹೊಟ್ಟೆಗೂ ಮಿದುಳಿಗೂ ನಡುವೆ ದಪ್ಪನೆಯ ನರವೊಂದು ಓಡುತ್ತದೆ. ಅನ್ಯಾಯದ ಸುದ್ದಿ ಕಿವಿಗೆ ಬಿದ್ದಾಗ ಬಾಯಿ ಛೇ ಅನ್ನುವ ಮೊದಲೇ ಆ ನರ ಮಿಡಿಯುತ್ತದೆ. ನೀಲಾ ಮತ್ತು ಅವಳ ಸಂಗಡಿಗರು ಕುರಿ ಕಾಯುವವರು, ದಾದಿಯರು, ಕೈದಿಗಳು, ಮಠದ ಸ್ವಾಮಿಗಳು, ಶಾಲೆಯ ಮಕ್ಕಳು, ನಿವೃತ್ತ ಪೊಲೀಸರು ಹೀಗೆ ಸಾವಿರಾರು ಜನರ ಹೊಟ್ಟೆಗೆ ಪಟ್ಟಿ ಕಟ್ಟಿ, ನಡೆದ ಸಂಗತಿಗಳನ್ನು ಓದಿ ಹೇಳಿ ಆ ಮಿಡಿತವನ್ನು ಹಿಡಿದಿದ್ದರು. ಊರು, ಜಾತಿ, ಭಾಷೆ ಬೇರೆಯಾದರೂ ಕೆಲವು ಸಂಗತಿಗಳಿಗೆ ಎಲ್ಲರ ಕರುಳೂ ಒಂದೇ ರೀತಿ ಹಿಂಡುತ್ತಿತ್ತು. ಆ ಒಂದೇ ರೀತಿಯನ್ನು ಯಂತ್ರ ಕಲಿತುಕೊಂಡಿತ್ತು. ಯಾರೂ ಬರೆಯದೆಯೂ ಇರುವ ಕಾನೂನು ಎಂದರೆ ಇದೇ, ಮಿಕ್ಕದ್ದೆಲ್ಲ ಅದರ ನಕಲು ಎಂದು ನೀಲಾ ನಂಬಿದ್ದಳು.

ಸರಕಾರ ಮಾತ್ರ ನಂಬಲಿಲ್ಲ. ಕರುಳಿನ ತಟ್ಟೆ ಅಧ್ಯಯನಕ್ಕಷ್ಟೇ ಇರಲಿ, ಅದು ಹೇಳಿದ್ದು ನಿಯಂತ್ರಣ ಕೊಠಡಿಯ ಆಚೆ ಹೋಗಬಾರದು ಎಂದು ಮುದ್ರೆ ಒತ್ತಿತು. ಹಾಗಾಗಿ ಆ ದಿನ ಕುಂದಗೋಳನ ಪ್ರಕರಣದಲ್ಲಿ ಬರಹದ ತಟ್ಟೆಯ ಮುಳ್ಳು ಅಲ್ಲಾಡದೆ ನಿಂತದ್ದನ್ನು ಊರೆಲ್ಲ ನೋಡಿತು. ಪಕ್ಕದ ಪುಟ್ಟ ತೆರೆಯಲ್ಲಿ ಕರುಳಿನ ಮುಳ್ಳು ಕೆಂಪಿನ ಕೊನೆಗೆ ಹೋಗಿ ಬಡಿದು ಅಲ್ಲೇ ನಡುಗುತ್ತ ನಿಂತದ್ದನ್ನು ನೀಲಾ ಮತ್ತು ಅವಳ ಮೇಲಧಿಕಾರಿ ದೊಡ್ಡಮನಿ ಸರ್ ಇಬ್ಬರೇ ನೋಡಿದರು.

ನಡೆದದ್ದು ಇಷ್ಟು. ಮುಕ್ತಾಂಬಾ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯಿಂದ ಬೇರೆಯಾದ ಕಾಳು ಆಳವಾದ ಹೊಂಡಕ್ಕೆ ಬೀಳುತ್ತದೆ. ಹೊಂಡದ ತಳದಲ್ಲಿ ಕಬ್ಬಿಣದ ಸುರುಳಿ ತಿರುಗುತ್ತ ಕಾಳನ್ನು ಎಳೆದು ಎಣ್ಣೆ ಗಾಣದ ಕಡೆ ಸಾಗಿಸುತ್ತದೆ. ಮೇಲಿನಿಂದ ನೋಡಿದರೆ ಕಾಳು ನೆಲದ ಹಾಗೆ ಗಟ್ಟಿ ಕಾಣುತ್ತದೆ. ಸುರುಳಿ ತಿರುಗುವಾಗ ಕಾಲಿಟ್ಟವನು ಮಾತ್ರ ಕೆಳಕ್ಕೆ ಇಳಿಯುತ್ತಲೇ ಹೋಗುತ್ತಾನೆ. ನೀಲಾಳ ತಮ್ಮ ಗುರುಪಾದ ಕಟ್ಟಿಕೊಂಡ ಕಾಳನ್ನು ಕೋಲಿನಿಂದ ಬಿಡಿಸಲು ಬಗ್ಗಿದವನು ಜಾರಿ ಅದರೊಳಗೆ ಬಿದ್ದ. ಗೋಡೆಯ ಮೇಲೆ, ಗಾಜಿನ ಹಿಂದೆ, ಸುರುಳಿ ನಿಲ್ಲಿಸುವ ಕೆಂಪು ಸ್ವಿಚ್ಚು ಇತ್ತು. ಅದರ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮಿಲ್ಲಿನ ಸುರಕ್ಷಾ ಅಧಿಕಾರಿ ಪ್ರಭಾಕರ ಕುಂದಗೋಳ ನಿಂತಿದ್ದ.

ಅವನು ಒತ್ತಲಿಲ್ಲ. ಹಿಂದೆ ಎಲ್ಲೋ ಒಂದು ಮಿಲ್ಲಿನಲ್ಲಿ ಗೊತ್ತಿಲ್ಲದವನೊಬ್ಬ ಸುರುಳಿ ನಿಲ್ಲಿಸಿ, ಗಾಣದ ಕಡೆ ಒತ್ತಡ ಏರಿ, ಸಿಡಿದು ಹಲವರು ಸತ್ತಿದ್ದರು. ಆಮೇಲೆ ಬಂದ ಕಾಯಿದೆ ಹೀಗೆ ಹೇಳುತ್ತಿತ್ತು: ನೋಂದಾಯಿತ ಆಪರೇಟರನ ಹೊರತು ಬೇರೆ ಯಾರೂ, ಯಾವ ಕಾರಣಕ್ಕೂ, ನಿಲುಗಡೆ ಸ್ವಿಚ್ಚನ್ನು ಮುಟ್ಟತಕ್ಕದ್ದಲ್ಲ, ಮುಟ್ಟಿದವರಿಗೆ ಸೆರೆಮನೆ. ಆಪರೇಟರ್ ಗೇಟಿನಾಚೆ ಚಹಾ ಕುಡಿಯಲು ಹೋಗಿದ್ದ. ಕುಂದಗೋಳ ಅವನಿಗೆ ಫೋನ್ ಮಾಡಿದ. ಫೋನ್ ಕಿವಿಗಿಟ್ಟುಕೊಂಡೇ ಗುರುಪಾದ ಮುಳುಗುವುದನ್ನು ನೋಡಿದ. ನ್ಯಾಯಾಲಯದಲ್ಲಿ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ನನಗ ಅಧಿಕಾರ ಇದ್ದಿಲ್ಲರಿ."

*

ಮನೆಯಲ್ಲಿ ಅವ್ವ ಪಾರ್ವತೆವ್ವ ರೊಟ್ಟಿ ಬಡಿಯುತ್ತಿದ್ದಳು. ಪ್ರಾಯದಲ್ಲಿ ಅದೇ ಮಿಲ್ಲಿನಲ್ಲಿ ಹತ್ತಿ ಆರಿಸಲು ಹೋದವಳು. ಈಗಲೂ ಕೈ ಸುಮ್ಮನಿದ್ದರೆ ಅವಳಿಗೆ ಸಮಾಧಾನವಿಲ್ಲ. ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದ ರೀತಿಯಲ್ಲೇ ತೀರ್ಪು ಏನೆಂದು ಅವಳಿಗೆ ತಿಳಿಯಿತು. ಆದರೂ ಕೇಳಿದಳು.

"ಏನಂತು ನಿನ್ನ ಮಿಷನ್ನು?"

"ತಪ್ಪಿಲ್ಲ ಅಂತು."

ಪಾರ್ವತೆವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ಅದಕ್ಕೇನ್ ಗೊತ್ತವ್ವಾ. ಅದು ಹಡದೈತೇನು?"

"ನೀ ಸುಮ್ನಿರಬೇ. ನಾ ಬಿಡೂದಿಲ್ಲ ಅವನ್ನ. ಜೇಲಿನಾಗ ಕೊಳೀಬೇಕು ಅವ."

"ಜೇಲು ಕಟ್ಟಕೊಂಡು ನಾ ಏನ್ ಮಾಡ್ಲಿ? ನನ್ನ ಮಗ ಬರತಾನೇನು?" ಅವ್ವ ಮೊದಲ ಸಲ ತಲೆ ಎತ್ತಿದಳು. ಕಣ್ಣು ಒಣಗಿದ್ದವು. "ನನಗ ಒಂದ ಬೇಕಾಗೈತಿ. ಒತ್ತಬಹುದಿತ್ತು ಅಂತ ಒಂದ ಸಲ ಅವನ ಬಾಯಾಗ ಬರಲಿ. ಅವಂಗ ಅಧಿಕಾರ ಇದ್ದಿಲ್ಲಂತ. ಇರಲಿ. ಕೈ ಇತ್ತಲ್ಲ? ಕೈಯಿತ್ತು, ಒತ್ತಬಹುದಿತ್ತು ಅಂತ ಅವ ಅಂದರ ನನಗ ಸಾಕು. ಮತ್ತೇನೂ ಬ್ಯಾಡ."

ನೀಲಾ ಆ ರೊಟ್ಟಿ ಮುಟ್ಟಲಿಲ್ಲ. ಅವ್ವನಿಗೆ ಸಾಕಾಗುವುದು ತನಗೆ ಸಾಲದು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಆ ಮಾತು ಅವನ ಬಾಯಲ್ಲಿ ಬರಬೇಕು, ಬಂದ ಮೇಲೆ ಅದು ಅವನ ಗಂಟಲಿಗೇ ಸಿಕ್ಕಿಕೊಳ್ಳಬೇಕು. ಗುರುಪಾದ ಚಿಕ್ಕವನಿದ್ದಾಗ ಅವಳ ಬೆನ್ನ ಮೇಲೆಯೇ ಬೆಳೆದವನು. ಅವನ ಮೂಗಿನಲ್ಲಿ, ಬಾಯಲ್ಲಿ ತುಂಬಿದ್ದ ಹತ್ತಿಕಾಳನ್ನು ಆಸ್ಪತ್ರೆಯಲ್ಲಿ ಬೆರಳಿನಿಂದ ತೆಗೆದವಳು ಅವಳೇ.

*

"ಕರುಳಿನ ತಟ್ಟಿ ಮುದ್ರಿ ಒಡೀರಿ ಸರ್. ಮೇಲ್ಮನವಿಗೆ ಅದನ್ನ ಸಾಕ್ಷಿ ಮಾಡ್ರಿ. ಮುಳ್ಳು ಎಲ್ಲಿ ಹೋಗಿ ಬಡೀತು ನೀವ ನೋಡೀರಿ."

ದೊಡ್ಡಮನಿ ಸರ್ ಕನ್ನಡಕ ಒರೆಸುತ್ತ ಕೂತಿದ್ದರು. ಬರಹದ ತಟ್ಟೆಯನ್ನು ಅಕ್ಷರ ಅಕ್ಷರವಾಗಿ ಕಟ್ಟಿದವರು ಅವರು. ನಿವೃತ್ತಿ ಹತ್ತಿರ ಬಂದಿದ್ದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಯಂತ್ರದ ಕೋಣೆಯ ಕಸ ತಾವೇ ಗುಡಿಸುವವರು. ಗುರುಪಾದನ ಮಣ್ಣಿಗೆ ಬಂದು ಹೆಗಲು ಕೊಟ್ಟಿದ್ದರು.

"ನೋಡೀನಿ, ನೀಲಾ. ನನ್ನ ಕರುಳೂ ಅಷ್ಟ ಹಿಂಡೇತಿ."

"ಮತ್ತ?"

"ಮತ್ತ ಏನು? ನಮ್ಮ ಕೇರಿಯಿಂದ ಮೊದಲ ಸಲ ನಮ್ಮ ಆಯಿ ಊರ ಬಾವಿಗೆ ಹೋಗಿ ಕೊಡ ಇಳಿಸಿದ ದಿನ ಊರಾಗ ಯಾರ ಕರುಳು ಹಿಂಡಿದ್ದಿಲ್ಲ ಹೇಳು? ಒಬ್ಬಾಕಿ ವಾಂತಿ ಮಾಡಿದ್ದಳಂತ. ನಾಟಕ ಅಲ್ಲ, ಖರೇನ ಹೊಟ್ಟಿ ತೊಳಸಿತ್ತು ಆಕಿಗೆ. ಆವತ್ತ ನಿನ್ನ ಪಟ್ಟಿ ಅವರ ಹೊಟ್ಟಿಗೆ ಕಟ್ಟಿದ್ದರ ಮುಳ್ಳು ಎತ್ತ ಹೋಗತಿತ್ತು? ನಮ್ಮಾಯಿ ಕಡೆ ತೋರಸತಿತ್ತು, ಈಕಿದ ತಪ್ಪು ಅಂತ." ಅವರು ಕನ್ನಡಕ ಹಾಕಿಕೊಂಡರು. "ನಮ್ಮನ್ನ ಬಾವೀಗೆ ಬಿಟ್ಟದ್ದು ಯಾರ ಕರುಳೂ ಅಲ್ಲ. ಬರೆದಿದ್ದು. ಕಾಗದದ ಮ್ಯಾಲ ಬರೆದಿದ್ದು. ಅದಕ್ಕ ಕರುಳು ಇದ್ದಿಲ್ಲ ಅಂತನ ನಾವು ಬದುಕಿದಿವಿ."

ಆ ಮಾತಿಗೆ ಅವಳ ಬಳಿ ಉತ್ತರ ಇತ್ತು. ಪಟ್ಟಿಯ ಲೆಕ್ಕದಲ್ಲಿ ಕಲಿತ ಹೇಸಿಗೆಯನ್ನೂ ಹುಟ್ಟಿನಿಂದ ಬಂದ ನೋವನ್ನೂ ಬೇರೆ ಮಾಡುವ ಬಗೆಯನ್ನು ಅವಳು ವರ್ಷಗಟ್ಟಲೆ ಕೂತು ಕಂಡುಹಿಡಿದಿದ್ದಳು. ಆದರೆ ಅವರ ಆಯಿಯ ಕೊಡದ ಎದುರು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಗುರುನ್ನ ಕೊಂದದ್ದೂ ಬರೆದಿದ್ದ ಅಲ್ಲೇನ್ರಿ ಸರ್?" ಎಂದಳು ಕೊನೆಗೆ. "ಯಾವ ಕಾರಣಕ್ಕೂ ಅಂತ ಬರದಾರ. ಕರುಳು ಇದ್ದಾವ ಬರದಿದ್ದರ ಹಂಗ ಬರೀತಿದ್ದನೇನು?"

"ತಪ್ಪು ಬರದಾರ. ತಿದ್ದೋಣು. ನಾನ ಅರ್ಜಿ ಹಾಕತೀನಿ. ಜೀವ ಉಳಿಸೂ ಸಲುವಾಗಿ ಒತ್ತಬಹುದು ಅಂತ ನಾಳೆ ಬರಸೋಣು. ಆದರ ನಾಳೆ ಬರದಿದ್ದನ್ನ ಹಿಡಕೊಂಡು ನಿನ್ನೆ ಮಾಡಿದವನ ಕೊಳ್ಳಾಗ ಹಗ್ಗಾ ಹಾಕಬಾರದು. ಒಂದ ಸಲ ಹಾಕಿದರ ಮುಗೀತು, ಯಾರ ಕೊಳ್ಳೂ ಉಳಿಯೂದಿಲ್ಲ."

"ನನಗ ನಾಳೆ ಬ್ಯಾಡ್ರಿ ಸರ್. ನಿನ್ನೆ ಬೇಕು."

ದೊಡ್ಡಮನಿ ಸರ್ ಮುದ್ರೆ ಒಡೆಯಲಿಲ್ಲ. ಅವಳು ಎದ್ದು ಹೋಗಿ ಯಂತ್ರದ ಮುಂದೆ ನಿಂತಳು. ಬರಹವೇ ಅವನ ಕವಚ ಎಂದಾದರೆ ಬರಹವನ್ನೇ ಓದೋಣ, ಅವನಿಗಿಂತ ಚೆನ್ನಾಗಿ ಓದೋಣ ಎಂದು ಆ ಹೊತ್ತಿಗೆ ಅವಳಿಗೆ ಹೊಳೆಯಿತು. ಆ ದಿನದಿಂದ ಅವಳು ಊಟ ಬಿಟ್ಟರೂ ಕಾಯಿದೆ ಓದುವುದನ್ನು ಬಿಡಲಿಲ್ಲ.

*

ನೀಲಾ ಮೇಲ್ಮನವಿ ಹಾಕಿದಳು. ಮೇಲ್ಮನವಿ ಎಂದರೆ ಸ್ಥಳ ಪಂಚನಾಮೆ ಕಡ್ಡಾಯ. ಯಂತ್ರದ ಕಣ್ಣನ್ನು, ಅಂದರೆ ಅದರ ಕ್ಯಾಮೆರಾವನ್ನು, ಘಟನೆ ನಡೆದ ಜಾಗಕ್ಕೆ ಹೊತ್ತೊಯ್ದು, ಇಬ್ಬರು ಪಂಚರ ಎದುರು, ನಡೆದದ್ದನ್ನು ನಡೆದ ಹಾಗೆಯೇ ಮತ್ತೆ ನಡೆಸಿ ತೋರಿಸಬೇಕು. ಸತ್ತವರ ಬಂಧುಗಳು ತೀರ್ಪಿನ ಕೀಲಿ ಮುಟ್ಟಬಾರದು ಎಂದು ನಿಯಮವಿತ್ತು. ಕಣ್ಣನ್ನು ಹಿಡಿಯಬಾರದು ಎಂದು ಯಾರೂ ಬರೆದಿರಲಿಲ್ಲ. ನೀಲಾ ಕಣ್ಣನ್ನು ಹೆಗಲಿಗೇರಿಸಿಕೊಂಡು ಮಿಲ್ಲಿಗೆ ಹೋದಳು. ಕುಂದಗೋಳ ಹೊಂಡದ ಅಂಚಿನಲ್ಲಿ ನಿಂತು ಒಳಗೆ ಇಣುಕುವುದನ್ನು ಕಣ್ಣಾರೆ ನೋಡಬೇಕು, ಅವನ ಮುಖ ಬಿಳಚಿಕೊಳ್ಳಬೇಕು ಎಂಬುದಷ್ಟೇ ಅಂದಿನ ಆಸೆ.

ಅವನ ಮುಖ ಬಿಳಚಿಕೊಳ್ಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿಯಮ ಬಾಯಿಪಾಠ ಹೇಳುತ್ತ ಬಂದ.

"ಘಟನೆ ನಡೆದಾಗ ಇದ್ದ ಸ್ಥಿತಿಯಲ್ಲೇ ಅಂತೈತ್ರಿ. ಅಂದಮ್ಯಾಲ ಸುರುಳಿ ತಿರಗತಿರಬೇಕು. ಆಪರೇಟರ್ ಇಲ್ಲಿರಬಾರದು, ಚಹಾದಂಗಡ್ಯಾಗ ಇರಬೇಕು. ಕಣ್ಣು ಹಿಡದವರು ನಾ ಆವತ್ತ ನಿಂತ ಜಾಗಾದಾಗ ನಿಂದ್ರಬೇಕು, ಸ್ವಿಚ್ಚಿನ ಮುಂದ. ಬರ್ರಿ ಮೇಡಮ್, ಇಲ್ಲಿ ಬರ್ರಿ. ಇನ್ನೊಂಚೂರು ಎಡಕ್ಕ."

ಅವಳನ್ನು ಅವನೇ ಆ ಜಾಗದಲ್ಲಿ ನಿಲ್ಲಿಸಿದ. ಆಪರೇಟರನನ್ನು ಅವನೇ ಗೇಟಿನಾಚೆ ಕಳಿಸಿದ. ಪಂಚರಾಗಿ ಬಂದಿದ್ದ ಇಬ್ಬರು, ಒಬ್ಬ ಬಟ್ಟೆ ಅಂಗಡಿಯವನು, ಒಬ್ಬ ಹೈಸ್ಕೂಲು ಮಾಸ್ತರ, ಗೋಡೆಗೆ ಅಂಟಿಕೊಂಡು ನಿಂತರು.

"ಹುಡುಗ ಎಲ್ಲಿ ಬಿದ್ದಿದ್ದ, ಬಾಯಿಲೇ ಹೇಳ್ರಿ ಸಾಹೇಬ್ರ, ಸಾಕು," ಎಂದ ಮಾಸ್ತರ.

"ಸಾಕ್ಷಿದಾರ ಸ್ವತಃ ಕಾಲೂರಿ ಸ್ಥಳ ತೋರಿಸತಕ್ಕದ್ದು ಅಂತೈತ್ರಿ. ನಿಯಮ ಅಂದ್ರ ನಿಯಮ. ಅಂಚಿನ್ಯಾಗ ಕಾಳು ಗಟ್ಟಿ ಇರತೈತಿ, ಅಂಜಬ್ಯಾಡ್ರಿ."

ಒಂದು ಕೈಯಲ್ಲಿ ಕಂಬಿ ಹಿಡಿದು ಅವನು ಎಡಗಾಲನ್ನು ಕಾಳಿನ ಮೇಲೆ ಇಟ್ಟ. ಮೇಲಿನ ಪದರ ಗಟ್ಟಿಯಾಗಿಯೇ ಇತ್ತು. ಕೆಳಗೆ ಸುರುಳಿ ಎಳೆದೂ ಎಳೆದೂ ಪೊಳ್ಳಾಗಿತ್ತು. ಪದರ ಕುಸಿಯಿತು. ಕುಂದಗೋಳ ಬೀಳುವಾಗ ಕಂಬಿ ಬಿಟ್ಟು, ಕೈಗೆ ಸಿಕ್ಕ ಯಂತ್ರದ ಕಣ್ಣಿನ ವೈರು ಹಿಡಿದ. ಕಣ್ಣು ನೀಲಾಳ ಹೆಗಲಿನಿಂದ ಕಿತ್ತುಕೊಂಡು ಹೋಗಿ ಕಾಳಿನಲ್ಲಿ ಮುಳುಗಿತು, ತಳದಲ್ಲಿ ಸುರುಳಿಗೆ ಸಿಕ್ಕು ಪುಡಿಯಾದ ಸದ್ದು ಕೇಳಿತು. ಪಂಚರಿಬ್ಬರೂ ಆಪರೇಟರನನ್ನು ಕರೆಯಲು ಗೇಟಿನ ಕಡೆ ಓಡಿದರು.

ಈಗ ಅಲ್ಲಿ ಇಬ್ಬರೇ. ಕುಂದಗೋಳ ತೊಡೆಯ ತನಕ ಇಳಿದಿದ್ದ. ನೀಲಾಳ ಬಲಗೈ ಪಕ್ಕದಲ್ಲೇ ಗಾಜು, ಗಾಜಿನ ಹಿಂದೆ ಕೆಂಪು ಸ್ವಿಚ್ಚು.

"ಒತ್ರಿ! ಮೇಡಮ್, ಸ್ವಿಚ್ಚು ಒತ್ರಿ!"

ನೀಲಾ ಇಂಥ ಗಳಿಗೆಯನ್ನು ಬಯಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಷ್ಟು ಸಲ ಬಯಸಿದ್ದಳೆಂದರೆ, ಅದು ಎದುರಿಗೆ ಬಂದು ನಿಂತಾಗ ಅವಳಿಗೆ ಗಾಬರಿಯೇ ಆಗಲಿಲ್ಲ. ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿದ ಹಾಗಾಯಿತು, ಹಿತವಾಗಿತ್ತು. ತಾನು ಹೇಳಬೇಕಾದ ಮಾತು ತಯಾರಾಗಿಯೇ ಇತ್ತು.

"ನನಗ ಅಧಿಕಾರ ಇಲ್ಲರಿ," ಎಂದಳು.

ಅವನು ಅವಳನ್ನೇ ನೋಡಿದ. ಆ ಮಾತು ಯಾರದೆಂದು ಅವನಿಗೆ ತಿಳಿಯಿತು. ಕಾಳು ಸೊಂಟ ದಾಟಿತು. ಅವನು ಕೈ ಬಡಿದಷ್ಟೂ ಬೇಗ ಇಳಿಯುತ್ತಿದ್ದ. ಇದು ಅವನೇ ಕೆಲಸಗಾರರಿಗೆ ಪಾಠ ಮಾಡಿ ಹೇಳುತ್ತಿದ್ದ ಸಂಗತಿ. ಅವಳು ನೋಡುತ್ತ ನಿಂತಳು. ಕಾಳು ಅವನ ಹೊಟ್ಟೆ ಮುಚ್ಚಿತು. ಗುರುಪಾದ ಇದೇ ಜಾಗದಿಂದ ಇವನ ಮುಖವನ್ನು ಹೀಗೆಯೇ ನೋಡಿರಬೇಕು ಎನಿಸಿತು. ಇನ್ನಷ್ಟು ಇಳಿಯಲಿ ಎನಿಸಿತು.

"ಒತ್ತಬಹುದು ಅಂತೀರೇನು?" ಎಂದು ಕೇಳಿದಳು.

ಕಾಳು ಅವನ ಎದೆಯನ್ನು ಅಮುಕುತ್ತಿತ್ತು. ಮಾತಾಡಲು ಉಸಿರಿರಲಿಲ್ಲ. ತಲೆಯಾಡಿಸಿದ, ಹೌದೆಂದು, ಮತ್ತೆ ಮತ್ತೆ. ನೀಲಾಳಿಗೆ ಸಿಟ್ಟು ನೆತ್ತಿಗೇರಿತು. ಎದೆಯ ತನಕ ಹೂತವನು ಏನು ಕೇಳಿದರೂ ಹೌದೆನ್ನುತ್ತಾನೆ. ಈ ತಲೆಯಾಡಿಸಿದ್ದನ್ನು ಕೊಂಡುಹೋಗಿ ಅವ್ವನ ಮುಂದೆ ಹೇಗೆ ಇಡುವುದು? ಇವನು ಇಲ್ಲಿ ಸತ್ತರೆ ನಿಯಮ ಪಾಲಿಸುತ್ತ ಸತ್ತ ಸಾಚಾ ಮನುಷ್ಯನೆಂದು ಮಿಲ್ಲಿನ ಗೋಡೆಗೆ ಫೋಟೋ ಹಾಕುತ್ತಾರೆ. ಇವನು ಬದುಕಬೇಕು. ನೆಲದ ಮೇಲೆ, ಎರಡು ಕಾಲಿನ ಮೇಲೆ ನಿಂತು, ಸಿಕ್ಕಿಬೀಳಬೇಕು.

ಅವಳು ಸೆರಗನ್ನು ಮೊಣಕೈಗೆ ಸುತ್ತಿ ಗಾಜು ಒಡೆದಳು. ಸೆರಗು ಸುತ್ತಿದ ಮೊಣಕೈಯಿಂದಲೇ ಸ್ವಿಚ್ಚು ಒತ್ತಿದಳು. ಸುರುಳಿ ನಿಂತಿತು. ಆಪರೇಟರ್ ಏದುಸಿರು ಬಿಡುತ್ತ ಬಂದಾಗ ಕುಂದಗೋಳ ಎದೆಯ ತನಕ ಕಾಳಿನಲ್ಲಿ ಹೂತು, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ. ನೀಲಾ ಗೋಡೆಗೆ ಒರಗಿ ನಿಂತಿದ್ದಳು.

*

ಒಡೆದ ಗಾಜಿನ ಸುದ್ದಿ ತಾನಾಗಿಯೇ ತಕ್ಕಡಿಗೆ ಹೋಯಿತು. ಸ್ವಿಚ್ಚಿನ ಹತ್ತಿರ ಇದ್ದವಳು ಅವಳೊಬ್ಬಳೇ, ಹಾಗಾಗಿ ಆರೋಪ ಅವಳ ಮೇಲೆ ಬಂತು. ಆದರೆ ಕಣ್ಣು ಪುಡಿಯಾಗಿತ್ತು, ಸ್ವಿಚ್ಚಿನ ಮೇಲೆ ಬೆರಳ ಗುರುತಿರಲಿಲ್ಲ, ಪಂಚರು ಓಡಿಹೋಗಿದ್ದರು. ಸ್ವಿಚ್ಚು ಒತ್ತಿದ್ದು ಯಾರು ಎಂದು ಹೇಳಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ.

"ಅದು ತಾನ ನಿಂತಿತು ಅಂದಬಿಡು," ಎಂದರು ದೊಡ್ಡಮನಿ ಸರ್. ಬದುಕಿನಲ್ಲಿ ಮೊದಲ ಸಲ ಅವರು ಇಂಥ ಮಾತಾಡಿದ್ದು. ಹೇಳಿ ತಾವೇ ಮುಖ ಆಚೆ ತಿರುಗಿಸಿದರು.

"ನಾ ಏನೂ ಅನ್ನೂದಿಲ್ಲರಿ. ಆರೋಪಿ ತನ್ನ ವಿರುದ್ಧ ತಾನ ಮಾತಾಡಬೇಕಾಗಿಲ್ಲ ಅಂತ ಬರದಾರ. ಅವನ್ನ ಕೇಳ್ರಿ."

ಅವಳ ಲೆಕ್ಕ ಹೀಗಿತ್ತು. ಪ್ರಮಾಣ ಮಾಡಿ ಕಟಕಟೆ ಹತ್ತಿದ ಕುಂದಗೋಳ ನಿಜ ಹೇಳಿದರೆ, ತನ್ನ ಜೀವ ಉಳಿಸಿದವಳನ್ನು ತಾನೇ ಸೆರೆಮನೆಗೆ ಕಳಿಸಿದವನಾಗುತ್ತಾನೆ. ಊರು ಅವನ ಮುಖಕ್ಕೆ ಉಗಿಯುತ್ತದೆ. ಸುಳ್ಳು ಹೇಳಿದರೆ, ಒಂದು ಜೀವಕ್ಕಾಗಿ ಬರೆದದ್ದನ್ನು ಮೀರಬಹುದು ಎಂದು ಒಪ್ಪಿದ ಹಾಗೆ. ಹಾಗಿದ್ದ ಮೇಲೆ ಗುರುಪಾದನ ಜೀವಕ್ಕಾಗಿ ಯಾಕೆ ಮೀರಲಿಲ್ಲ? ಸುಳ್ಳು ಸಾಕ್ಷಿಗೂ ಕಾಯಿದೆಯಲ್ಲಿ ಸೆರೆಮನೆಯೇ. ಅವನು ಹೊರಗೆ ಬರುವ ಎರಡೂ ಬಾಗಿಲಿಗೆ ಅವಳು ಉರುಲು ಕಟ್ಟಿದ್ದಳು. ಗಾಜಿಗೆ ಸಿಕ್ಕು ಹರಿದ ಸೀರೆಯನ್ನು ಒಗೆಯದೆ, ರಕ್ತದ ಕಲೆಯ ಸಮೇತ, ಟ್ರಂಕಿನ ತಳದಲ್ಲಿ ಮಡಚಿಟ್ಟಿದ್ದಳು.

ಅವ್ವನಿಗೆ ಇದಾವುದೂ ಗೊತ್ತಿರಲಿಲ್ಲ. "ನೀ ಅವನ್ನ ಉಳಿಸಿದೆಲ್ಲವ್ವಾ," ಎಂದು ಮಗಳ ತಲೆ ಸವರಿದಳು. "ನಿನ್ನ ಹಡದದ್ದು ಸಾರ್ಥಕ ಆತು." ನೀಲಾ ತಲೆ ಸರಿಸಿಕೊಂಡಳು.

*

ವಿಚಾರಣೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಂದಗೋಳ ಕೋಲೂರಿಕೊಂಡು ಬಂದ. ಪಕ್ಕೆಯ ಎಲುಬು ಮುರಿದಿದ್ದವು, ಅಂಗಿಯ ಕೆಳಗೆ ಪಟ್ಟಿ ಬಿಗಿದಿದ್ದರು. ಮುಂದಿನ ಸಾಲಿನಲ್ಲಿ ಕೂತ ಪಾರ್ವತೆವ್ವನನ್ನು ಕಂಡು ಒಂದು ಕ್ಷಣ ನಿಂತ. ಆಮೇಲೆ ಕಟಕಟೆ ಹತ್ತಿದ.

ಶಿರಸ್ತೇದಾರ ಯಂತ್ರದ ಪ್ರಶ್ನೆ ಓದಿದ. "ನಿಲುಗಡೆ ಸ್ವಿಚ್ಚನ್ನು ಒತ್ತಿದವರು ಯಾರು?"

ಕುಂದಗೋಳ ಕೋಲನ್ನು ಕಟಕಟೆಗೆ ಒರಗಿಸಿದ. ಇಡೀ ಆಯುಷ್ಯದಲ್ಲಿ ಒಂದೇ ಒಂದು ನಿಯಮ ಮುರಿಯದವನು, ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವವನು ಎಂದು ಊರಿಗೆಲ್ಲ ಗೊತ್ತಿತ್ತು. ಅವನ ಹಣೆಯ ಮೇಲೆ ಬೆವರು ಇಳಿಯಿತು. ನೀಲಾ ಆರೋಪಿಯ ಜಾಗದಲ್ಲಿ ನಿಂತು ಆ ಬೆವರನ್ನು ನೋಡಿ ಸಂತೋಷಪಟ್ಟಳು.

ಅವನು ಪಾರ್ವತೆವ್ವನನ್ನು ನೋಡಿಯೇ ಉತ್ತರ ಕೊಟ್ಟ.

"ಯಾರೂ ಒತ್ತಿಲ್ಲರಿ. ಸುರುಳಿ ತಾನ ನಿಂತಿತು. ಗಾಜು... ನಾ ಬೀಳೂ ಮುಂದ ನನ್ನ ಕೈ ಬಡದು ಒಡದಿರಬೇಕು. ಈ ತಂಗೀದು ಏನೂ ತಪ್ಪಿಲ್ಲ."

ಸಭಾಂಗಣ ನಿಟ್ಟುಸಿರು ಬಿಟ್ಟಿತು. ಅದು ಸುಳ್ಳೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಪ್ರತಿಯೊಬ್ಬನಿಗೂ ಅದು ಬೇಕಾಗಿತ್ತು. ಪಾರ್ವತೆವ್ವ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು, ಮಗ ಸತ್ತ ದಿನದಿಂದ ಮೊದಲ ಸಲ. ತೆರೆಯ ಮೇಲೆ ಅಕ್ಷರ ಮೂಡಲು ಶುರುವಾಯಿತು: ಸಾಕ್ಷ್ಯ ಇಲ್ಲ, ಆರೋಪಿಯನ್ನು...

ಅಷ್ಟರಲ್ಲಿ ನೀಲಾ ಕೈ ಎತ್ತಿದಳು.

"ಸಾಕ್ಷಿ ಸುಳ್ಳು ಹೇಳಾಕತ್ತಾನ್ರಿ. ಸ್ವಿಚ್ಚು ಒತ್ತಿದಾಕಿ ನಾನು."

ಚೀಲದಿಂದ ಸೀರೆ ತೆಗೆದು ಮೇಜಿನ ಮೇಲೆ ಹರವಿದಳು. ಹರಿದ ಸೆರಗು, ಒಣಗಿದ ರಕ್ತ, ಎಳೆಗಳ ನಡುವೆ ಹೊಳೆಯುವ ಗಾಜಿನ ಚೂರು. ತೋಳು ಮಡಿಸಿ ಮೊಣಕೈಯ ಗಾಯ ತೋರಿಸಿದಳು. ಯಂತ್ರಕ್ಕೆ ಈ ಸಲವೂ ಒಂದು ಕ್ಷಣ ಬೇಕಾಗಲಿಲ್ಲ. ನೀಲಾಂಬಿಕಾ ಅಂಗಡಿ, ಅಧಿಕಾರವಿಲ್ಲದೆ ಸ್ವಿಚ್ಚು ಮುಟ್ಟಿದ್ದಕ್ಕೆ ತಪ್ಪಿತಸ್ಥೆ. ಪ್ರಭಾಕರ ಕುಂದಗೋಳ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ತಪ್ಪಿತಸ್ಥ. ಇಬ್ಬರಿಗೂ ಒಂದೇ ಶಿಕ್ಷೆ.

ಕುಂದಗೋಳ ಅವಳತ್ತ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ಲೆಕ್ಕ ತಪ್ಪಿದ ಮನುಷ್ಯನ ಬೆರಗಿತ್ತು. ಅವಳು ಎಷ್ಟು ಹೊತ್ತು ಕಾದು ಆಮೇಲೆ ಒತ್ತಿದಳು ಎಂಬುದನ್ನು ಅವನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವಳೂ ಹೇಳಲಿಲ್ಲ. ಪೊಲೀಸರು ಅವಳನ್ನು ಕರೆದುಕೊಂಡು ಹೋಗುವಾಗ ನೀಲಾ ಅವ್ವನ ಹತ್ತಿರ ಬಗ್ಗಿ, "ಕೆಡವಿದೆನಬೇ ಅವನ್ನ," ಎಂದಳು. ಅವ್ವ ಮಗಳನ್ನು ನೋಡಲಿಲ್ಲ. ಖಾಲಿ ಕಟಕಟೆಯನ್ನೇ ನೋಡುತ್ತಿದ್ದಳು.

*

ಸೆರೆಮನೆಗೆ ಮೊದಲು ಬಂದವರು ದೊಡ್ಡಮನಿ ಸರ್. ಕಾಯಿದೆಗೆ ತಿದ್ದುಪಡಿ ಬಂದಿದೆ ಎಂದರು. ಯಾವ ಕಾರಣಕ್ಕೂ ಎಂಬುದರ ಮುಂದೆ, ಜೀವ ಉಳಿಸುವುದರ ಹೊರತು, ಎಂದು ಸೇರಿಸಿದ್ದಾರೆ. ಇನ್ನು ಮೇಲೆ ಯಾವ ಮಿಲ್ಲಿನಲ್ಲಿ ಯಾರು ಬಿದ್ದರೂ ಹತ್ತಿರ ಇದ್ದವರು ಸ್ವಿಚ್ಚು ಒತ್ತಬಹುದು. ಹಿಂದೆ ಆದದ್ದಕ್ಕೆ ಅನ್ವಯಿಸುವುದಿಲ್ಲ. ಹೇಳುವಾಗ ಅವರಿಗೆ ಹೆಮ್ಮೆಯೂ ಇತ್ತು, ನಾಚಿಕೆಯೂ ಇತ್ತು. ತೀರ್ಪಿನ ದಿನ ಕರುಳಿನ ತಟ್ಟೆಯ ಮುಳ್ಳು ಯಾರ ಕಡೆ ವಾಲಿತ್ತು ಎಂದು ನೀಲಾ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅವ್ವ ಬಂದದ್ದು ಅದಾದ ಮೇಲೆ. ಜಾಲರಿಯಾಚೆ ಕೂತು ರೊಟ್ಟಿಯ ಗಂಟು ಮುಂದೆ ಸರಿಸಿದಳು. ಪಕ್ಕದಲ್ಲಿ ಇನ್ನೊಂದು ಬಟ್ಟೆ ಇತ್ತು, ಖಾಲಿ, ಮಡಚಿಟ್ಟದ್ದು.

"ಯಾರಿಗೆ ಕೊಟ್ಟು ಬಂದಿಬೇ?"

"ಗಂಡಸರ ಕಡೆ ಹೋಗಿದ್ನಿ. ಅವಂಗ ಕೊಟ್ಟ ಬಂದ್ನಿ."

ನೀಲಾಳ ಮೈ ಉರಿಯಿತು. "ಗುರುನ್ನ ಕೊಂದವಂಗ?"

"ಅಂದ, ಅವ. ನಾ ಕೇಳಲೇ ಇಲ್ಲ. ಗಂಟು ಕೈಯಾಗ ಹಿಡಕೊಂಡು, ಒತ್ತಬಹುದಿತ್ತಬೇ ಅಂದ. ಅತ್ತ." ಪಾರ್ವತೆವ್ವ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ಆವತ್ತ ಕೋರ್ಟಿನ್ಯಾಗನ ಅಂದಿದ್ದ ಬಿಡು. ಬಾಯಿಲೇ ಅಂದಿದ್ದಿಲ್ಲ ಅಷ್ಟ. ನನಗ ತಿಳದಿತ್ತು. ನಿನಗ ತಿಳೀಲಿಲ್ಲ."

ನೀಲಾ ರೊಟ್ಟಿಯ ಗಂಟನ್ನು ತನ್ನತ್ತ ಎಳೆದುಕೊಂಡಳು.

"ಅವನ ಎದಿ ಎಲುಬು ಇನ್ನೂ ಕೂಡಿಲ್ಲ. ಎದಿ ಮಟ ಹೋಗಿದ್ದನಂತ. ಆಪರೇಟರೂ ಅಂದ." ಅವ್ವ ಈಗ ಮಗಳ ಮುಖವನ್ನು ನೇರವಾಗಿ ನೋಡಿದಳು. "ನಾನೂ ಆ ಮಿಲ್ಲಿನ್ಯಾಗ ದುಡದಾಕಿ, ನೀಲಾ. ಹೊಂಡದಾಗ ಬುಟ್ಟಿ ಬಿದ್ದದ್ದು ನೋಡೀನಿ, ನಾಯಿ ಬಿದ್ದದ್ದು ನೋಡೀನಿ. ನೀ ಸ್ವಿಚ್ಚಿನ ಮುಂದ ನಿಂತಿದ್ದೆಲ್ಲ? ಅಲ್ಲೇ, ಕೈ ಹತ್ತರನ?"

"ಹೂಂ."

"ಮತ್ತ ಎದಿ ಮಟ ಹ್ಯಾಂಗ ಹೋದ ಅವ?"

ಜಾಲರಿಯಾಚೆ ಪಹರೆಯವಳು ಹೊತ್ತಾಯಿತೆಂದು ಕೋಲು ಬಡಿದಳು. ಅವ್ವ ಏಳಲಿಲ್ಲ. ಉತ್ತರಕ್ಕೆ ಕಾದಳು. ಆರೋಪಿ ತನ್ನ ವಿರುದ್ಧ ತಾನೇ ಮಾತಾಡಬೇಕಾಗಿಲ್ಲ ಎಂದು ಬರೆದಿತ್ತು. ನೀಲಾ ರೊಟ್ಟಿಯ ಗಂಟಿನ ಮೇಲೆ ಕೈಯಿಟ್ಟುಕೊಂಡು, ಬಾಯಿ ಬಿಡದೆ ಕೂತಳು.